ಪಂಚಾಂಗ ನೋಡಿ ಇಟ್ಟ ಪಾಠ: ಅಘನಾಶಿನಿ ಅಳಿವೆಯಲ್ಲಿ ಒಂದು ಒಂಬತ್ತನೇ ತರಗತಿ

ಮೊದಲ ಸಲ ಮಕ್ಕಳನ್ನು ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಕರೆದುಕೊಂಡು ಹೋದ ದಿನ ಅಲ್ಲಿ ನೋಡಲು ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಈ ದಂಡೆಯಿಂದ ಆ ದಂಡೆಗೆ ತುಂಬಿಕೊಂಡು ಬಿಸಿಲಿಗೆ ಫಳಫಳ ಹೊಳೆಯುವ ನೀರು. ಹಿಂದಿನ ರಾತ್ರಿ ಕೂತು ನಾನು ಮಾಡಿದ್ದ ಚಟುವಟಿಕೆ ಹಾಳೆಯಲ್ಲಿ ‘ಕೆಸರುದಿಬ್ಬದ ಮೇಲೆ ಕಾಣುವ ಐದು ಜೀವಿಗಳನ್ನು ಗುರುತಿಸಿ’ ಎಂದಿತ್ತು. ಕೆಸರುದಿಬ್ಬ ಎದೆಮಟ್ಟದ ನೀರಿನಡಿ ಇತ್ತು. ಗಂಟೆ ಹನ್ನೊಂದೂವರೆ. ಹಾಳೆ ಹಿಡಿದ ಮಕ್ಕಳು ನನ್ನ ಮುಖ ನೋಡಿದರು, ನಾನು ನೀರು ನೋಡಿದೆ.

“ಇವತ್ತು ಹುಣ್ಣಿಮೆ ಅಲ್ರಾ ಸರ್, ಈ ಹೊತ್ತಿಗೆ ಭರತ ಇರ್ತದೆ, ನೀರು ಏರಿರ್ತದೆ” ಎಂದ ಹಿಂದಿನ ಸಾಲಿನ ಹುಡುಗ.

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಕೇಳ್ಲಿಲ್ಲ.”

ಆಗ ಅವನು ಎಂಟನೇ ತರಗತಿಯಲ್ಲಿದ್ದ. ಮರುವರ್ಷ ಅದೇ ಮಕ್ಕಳು ಒಂಬತ್ತಕ್ಕೆ ಬಂದಾಗ ಜೂನ್‌ನಿಂದ ಮಾರ್ಚ್‌ವರೆಗೆ ಸಮುದ್ರಜೀವಶಾಸ್ತ್ರವನ್ನು ಕೈಯಿಂದ ಮುಟ್ಟಿ ಕಲಿಸುವ ಒಂದು ಪ್ರಯೋಗ ಮಾಡಿದೆವು. ಅದರಲ್ಲಿ ಏನೇನು ನಡೆಯಿತು, ಎಲ್ಲೆಲ್ಲಿ ಕೆಟ್ಟಿತು, ಏನು ಉಳಿಯಿತು ಎಂಬುದರ ವರದಿ ಇದು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಹಾವೇರಿ ಕಡೆಯವನು. ಎರೆಹೊಲ, ಜೋಳ, ಹತ್ತಿ ಗೊತ್ತು. ಸಮುದ್ರವನ್ನು ಮೊದಲು ನೋಡಿದ್ದು ಗೋಕರ್ಣಕ್ಕೆ ಶಾಲಾ ಪ್ರವಾಸ ಬಂದಾಗ, ಅದೂ ಚಪ್ಪಲಿ ಕೈಯಲ್ಲಿ ಹಿಡಿದು. ವಿಜ್ಞಾನ ಶಿಕ್ಷಕನಾಗಿ ಕುಮಟಾ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದೆ. ಶಾಲೆಯಿಂದ ಅಳಿವೆ ನಡೆದು ಹೋಗುವಷ್ಟು ಹತ್ತಿರ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯ ಅನ್ನ ಆ ನೀರಿನಿಂದಲೇ ಬರುವುದು. ಒಬ್ಬರದು ದೋಣಿ, ಒಬ್ಬರದು ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಸಿಗಡಿ, ಇನ್ನೊಬ್ಬರ ತಾಯಿ ಬಳಚು ಎಂಬ ಕೆಸರೊಳಗಿನ ಚಿಪ್ಪುಜೀವಿಯನ್ನು ಹೆಕ್ಕುವವರು. ಹೀಗಾಗಿ ಸಮುದ್ರದ ಪಾಠ ಮಾಡಲು ನಿಂತ ಕೋಣೆಯಲ್ಲಿ ಸಮುದ್ರ ಗೊತ್ತಿಲ್ಲದವನು ನಾನೊಬ್ಬನೇ.

ಓದುಗರಿಗೆ ಜಾಗದ ಪರಿಚಯ. ಅಘನಾಶಿನಿ ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಮತ್ತು ಗೋಕರ್ಣದ ನಡುವೆ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ತಮ್ಮ ಪಾಳಿಯ ಪ್ರಕಾರ ಅಳಿವೆಯನ್ನು ಆಳುತ್ತವೆ. ಕೆಸರುದಿಬ್ಬ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಉಪ್ಪು ತಾಳುವ ಕಗ್ಗ ಭತ್ತದ ಗಜನಿ ಗದ್ದೆ, ಸಾಣಿಕಟ್ಟೆಯ ಉಪ್ಪಿನ ಆಗರ ಎಲ್ಲವೂ ಇದೇ ನೀರಿನ ಸುತ್ತ. ಎಲ್ಲಕ್ಕಿಂತ ಹೆಸರಾದದ್ದು ಇಲ್ಲಿನ ಚಿಪ್ಪೆಕಲ್ಲು, ಬಳಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಹಾಕಿದ ಲೆಕ್ಕದ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಹತ್ತಿರಹತ್ತಿರ 22 ಸಾವಿರ ಟನ್ ಚಿಪ್ಪುಜೀವಿ ತೆಗೆಯುತ್ತಿದ್ದರು, ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದರ ಮೇಲೆ ಬದುಕುತ್ತಿದ್ದರು. ಈಗ ಕೇಳಿದರೆ ಊರಿನವರು ಕೈ ಅಲ್ಲಾಡಿಸುತ್ತಾರೆ. “ಆ ಕಾಲ ಹೋಯ್ತು ಮಾಸ್ತರೇ.”

ತಿಥಿ ಮತ್ತು ಮುಕ್ಕಾಲು ಗಂಟೆ

ಮೊದಲು ಸರಿಮಾಡಬೇಕಾದದ್ದು ಗಡಿಯಾರ. ಭರತ ದಿನಕ್ಕೆ ಎರಡು ಸಲ, ಇಳಿತ ಎರಡು ಸಲ, ಒಂದು ಭರತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಇಷ್ಟನ್ನು ನಾನು ಪುಸ್ತಕದಿಂದ ಹೇಳಬಲ್ಲವನಾಗಿದ್ದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು ಎಂಬುದನ್ನೂ ಹೇಳಬಲ್ಲೆ. ಗೊತ್ತಿಲ್ಲದ ಸಂಗತಿ ಒಂದೇ: ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಭರತ ಬರುವುದೇ ನಡುಹಗಲು ಮತ್ತು ನಡುರಾತ್ರಿಯ ಹತ್ತಿರ. ನೀರು ಅತಿ ಕೆಳಗೆ ಹೋಗುವುದು ಬೆಳಗಿನ ಜಾವ ಮತ್ತು ಸಂಜೆ. ಅಂದರೆ ಕೆಸರು ಚೆನ್ನಾಗಿ ಬಯಲಾಗುವ ದಿನಗಳಲ್ಲೇ ಹತ್ತರಿಂದ ನಾಲ್ಕೂವರೆಯ ಶಾಲೆಗೆ ಅದು ಸಿಕ್ಕುವುದಿಲ್ಲ. ಇಲಾಖೆಯ ವೇಳಾಪಟ್ಟಿ ಬರೆದವರಿಗೆ ಚಂದ್ರನ ಮೇಲೆ ಏನೋ ಹಳೆಯ ಸಿಟ್ಟಿರಬೇಕು.

ದಾರಿ ತೋರಿಸಿದ್ದು ಮಕ್ಕಳ ಮನೆಯ ಲೆಕ್ಕ. ಇಳಿತ ದಿನಕ್ಕೆ ಮುಕ್ಕಾಲು ಗಂಟೆ, ಚೂರು ಹೆಚ್ಚು, ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಂದು ಬೆಳಗಿನ ಇಳಿತ ಎಷ್ಟು ಹೊತ್ತಿಗೆ ಎಂದು ಗೊತ್ತಿದ್ದರೆ ಬಿದಿಗೆ, ತದಿಗೆಗೆ ಮುಂದೆ ಹಾಕಿಕೊಂಡು ಹೋಗುವುದಷ್ಟೆ. ಹಾಗೆ ಹಾಕಿದರೆ ತದಿಗೆಯ ಹೊತ್ತಿಗೆ ಇಳಿತ ಎಂಟರ ಆಚೀಚೆ ಬರುತ್ತದೆ. ಶನಿವಾರ ಬೆಳಗಿನ ಶಾಲೆ! ಅಮಾವಾಸ್ಯೆಯೋ ಹುಣ್ಣಿಮೆಯೋ ಕಳೆದು ಬಿದಿಗೆ, ತದಿಗೆ ಶನಿವಾರಕ್ಕೆ ಬೀಳುವ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಪೆನ್ಸಿಲಿನಿಂದ ಸುತ್ತಿದೆವು. ತಿಂಗಳಿಗೆ ಒಂದು, ಅಪರೂಪಕ್ಕೆ ಎರಡು ಸಿಕ್ಕವು. ಕೆಲವು ತಿಂಗಳು ಒಂದೂ ಇಲ್ಲ. ದೈಹಿಕ ಶಿಕ್ಷಕರು ತಮ್ಮ ಶನಿವಾರದ ಅವಧಿ ಬಿಟ್ಟುಕೊಟ್ಟರು. ನಂತರ ಇದೇ ಒಂದು ಚಟುವಟಿಕೆಯಾಯಿತು. ದಂಡೆಯ ಬಳಿ ಹಳೆಯ ಗೂಟವೊಂದಕ್ಕೆ ಹತ್ತು ಸೆಂಟಿಮೀಟರಿಗೊಂದು ಬಣ್ಣದ ಗೆರೆ ಬಳಿದು, ಮನೆ ಹತ್ತಿರವಿದ್ದ ನಾಲ್ವರು ಒಂದು ಪಕ್ಷದುದ್ದಕ್ಕೂ ಬೆಳಿಗ್ಗೆ ಸಂಜೆ ನೀರಿನ ಮಟ್ಟ ಬರೆದರು. ನಕ್ಷೆಹಾಳೆಯಲ್ಲಿ ಆ ಅಲೆ ಮೂಡಿದಾಗ ಹುಡುಗನೊಬ್ಬ ಅದರ ಪಕ್ಕದಲ್ಲಿ ಚಂದ್ರ ಹಿಗ್ಗಿ ಕುಗ್ಗುವ ಆಕಾರಗಳನ್ನು ಬಿಡಿಸಿದ. ನಾನು ಹೇಳಿರಲಿಲ್ಲ.

ಮಳೆಗಾಲದ ಉಪ್ಪು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಗೆ ಮಕ್ಕಳನ್ನು ಇಳಿಸುವ ಮಾತೇ ಇಲ್ಲ. ಆ ತಿಂಗಳುಗಳಿಗೆ ಒಳಗಿನ ಕೆಲಸ ಬೇಕಿತ್ತು. ಜುಲೈಯಲ್ಲಿ, ಒಬ್ಬನ ಅಪ್ಪ ದೋಣಿ ನಿಲ್ಲುವ ಧಕ್ಕೆಯಿಂದ ಕ್ಯಾನಿನಲ್ಲಿ ನೀರು ತಂದುಕೊಟ್ಟರು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗೆ ನಿಷೇಧ, ಅವರಿಗೂ ಬಿಡುವಿತ್ತು. ಒಂದು ಲೀಟರ್ ಅಳೆದು ಬಿಸಿಯೂಟದ ಒಲೆಯ ಮೇಲಿಟ್ಟು ಕಾಯಿಸಿದೆವು. ನೀರೆಲ್ಲ ಆವಿಯಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಉಗುರಿನಿಂದ ಕೆರೆಯುವಷ್ಟು ಬೂದುಬಣ್ಣದ ಪುಡಿ.

“ಇಷ್ಟು ಉಪ್ಪಿಗೆ ಇಷ್ಟು ಗ್ಯಾಸಾ ಮಾಸ್ತರೇ?” ಎಂದರು ಅಡುಗೆಯವರು. ನ್ಯಾಯವಾದ ಪ್ರಶ್ನೆ. ಸಾಣಿಕಟ್ಟೆಯಲ್ಲಿ ಇದೇ ಕೆಲಸವನ್ನು ಬಿಸಿಲು ಬಿಟ್ಟಿಯಾಗಿ ಮಾಡುತ್ತದೆ ಎಂದು ಒಬ್ಬಳು ಹುಡುಗಿ ಉತ್ತರ ಕೊಟ್ಟಳು. ಅವಳ ಅಜ್ಜ ಅಲ್ಲಿ ಕೆಲಸ ಮಾಡಿದವರು.

ಫೆಬ್ರವರಿಯಲ್ಲಿ ಅದೇ ಜಾಗದ ಒಂದು ಲೀಟರ್ ಕಾಯಿಸಿದಾಗ ಕಿರಾಣಿ ಅಂಗಡಿಯಿಂದ ತಂದ ತಕ್ಕಡಿಯ ಮುಳ್ಳು ಮೂವತ್ತು ಗ್ರಾಂ ದಾಟಿತು. ತೆರೆದ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಎರಡು ಪಾತ್ರೆಗಳನ್ನು ಪಕ್ಕಪಕ್ಕ ಇಟ್ಟು ಕೇಳಿದೆ: ನೀವು ಬಳಚಾಗಿದ್ದರೆ, ಓಡಲು ಕಾಲಿಲ್ಲ, ಜುಲೈಯಲ್ಲಿ ಏನು ಮಾಡುತ್ತೀರಿ? “ಚಿಪ್ಪು ಮುಚ್ಚಿ ಕೂರ್ತೇವೆ.” ಎಷ್ಟು ದಿನ? ಆಗ ಮಾತು ಬೆಳೆಯಿತು. ಕಪ್ಪು ಚಿಪ್ಪಿನ ಬಳಚು ಹೊಳೆಯ ಮೇಲ್ಭಾಗದಲ್ಲಿ ಯಾಕೆ ಹೆಚ್ಚು, ಹಳದಿ ಕಾಲಿನದು ಅಳಿವೆಯ ಬಾಯಿ ಕಡೆಗೇ ಯಾಕೆ ಇರುತ್ತದೆ ಎಂಬುದಕ್ಕೆ ಮಕ್ಕಳೇ ಕಾರಣ ಹುಡುಕಿದರು. ಜಾಗ ಅವರಿಗೆ ಮೊದಲೇ ಗೊತ್ತಿತ್ತು. ಕಾರಣ ಮಾತ್ರ ಆ ಪಾತ್ರೆಯ ತಳದಲ್ಲಿ ಸಿಕ್ಕಿತು.

ಬಕೆಟ್ಟಿನ ಅಪರಾಧ

ಅಕ್ಟೋಬರ್‌ನ ಮೊದಲ ಇಳಿತದ ಶನಿವಾರ ಉತ್ಸಾಹದಲ್ಲಿ ತಪ್ಪು ಮಾಡಿದೆ. ಏಡಿ, ಸಣ್ಣ ಸಿಗಡಿ, ಕೆಸರಲ್ಲಿ ಕುಪ್ಪಳಿಸುವ ಮೀನು, ಬಳಚು, ಶಂಖದೊಳಗೆ ವಾಸಿಸುವ ಸನ್ಯಾಸಿ ಏಡಿ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ತಂದೆವು. ಕಿಟಕಿಯ ಬಿಸಿಲಿಗಿಟ್ಟೆವು, ಬೆಳಕು ಚೆನ್ನಾಗಿರಲಿ ಎಂದು. ಸೋಮವಾರ ಬಾಗಿಲು ತೆಗೆದಾಗ ಬಂದ ವಾಸನೆಗೆ ಮುಖ್ಯೋಪಾಧ್ಯಾಯರು ಮೂಗು ಮುಚ್ಚಿಕೊಂಡೇ ನನ್ನನ್ನು ಕರೆಸಿದರು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಜೀವಗಳು ಹೆಚ್ಚಿದ್ದಷ್ಟು ಬೇಗ ಅದು ಮುಗಿಯುತ್ತದೆ. ಇದನ್ನು ಎಂಟನೇ ತರಗತಿಗೆ ಪಾಠ ಮಾಡಿದವನೇ ನಾನು.

ಒಂದು ಹುಡುಗಿ ಸತ್ತ ಏಡಿಯನ್ನು ಪುಸ್ತಕದ ಹಾಳೆಯಲ್ಲಿ ಎತ್ತಿ ಹೊರಗೆ ಒಯ್ದಳು. ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ತರಗತಿಯಲ್ಲಿ ಒಂದು ನಿಯಮವಾಯಿತು. ಜೀವ ಶಾಲೆಗೆ ಬರಬಾರದು, ಪುಸ್ತಕ ಅಳಿವೆಗೆ ಹೋಗಬೇಕು. ಅಗೆದ ಕೆಸರನ್ನು ಅಗೆದ ಗುಂಡಿಗೇ ಹಾಕಬೇಕು, ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೆ ಮಗುಚಬೇಕು. ಕಲ್ಲಿನಡಿಯ ಪ್ರಾಣಿಗೆ ಬಿಸಿಲೇ ಸಾವು. ಕೋನಾಕಾರದ ಶಂಖ ಕಂಡರೆ ಎಷ್ಟೇ ಚಂದವಿದ್ದರೂ ಮುಟ್ಟಬಾರದು, ಒಳಗೆ ಜೀವವಿದ್ದರೆ ಅದು ವಿಷದ ಬಾಣ ಬಿಡುತ್ತದೆ. ಬರಿಗಾಲು ಬೇಡ, ಸಿಂಪಿ ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಈ ಕೊನೆಯ ನಿಯಮಕ್ಕೆ ಮಕ್ಕಳು ನಕ್ಕರು. ಹುಟ್ಟಿದಾಗಿನಿಂದ ಬರಿಗಾಲಲ್ಲೇ ಇಳಿದವರು. ನಿಯಮ ನನ್ನೊಬ್ಬನಿಗೇ ಅನ್ವಯವಾಯಿತು. ನನ್ನ ಕ್ಯಾನ್ವಾಸ್ ಬೂಟು ಎರಡನೇ ದಿನ ಕೆಸರಿನಲ್ಲೇ ಉಳಿಯಿತು.

ಚೌಕಟ್ಟು, ಹಗ್ಗ, ತಂಬೋಲ

ಎಣಿಸುವ ಸಲಕರಣೆ ಬಹಳ ಅಗ್ಗದ್ದು. ನೀರಿನ ಪೈಪು ಕತ್ತರಿಸಿ ಅರ್ಧ ಮೀಟರಿನ ಚೌಕಟ್ಟು ನಾಲ್ಕು, ಐದು ಮೀಟರಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ, ಮರಳು ಸೋಸುವ ಜರಡಿ, ಅಡಿಪಟ್ಟಿ. ಹಗ್ಗವನ್ನು ದಂಡೆಯಿಂದ ನೀರಿನಂಚಿನವರೆಗೆ ಎಳೆದು, ಗಂಟುಗಳ ಹತ್ತಿರ ಚೌಕಟ್ಟಿಟ್ಟು, ಗೇಣುದ್ದ ಅಗೆದು, ಜರಡಿಯಲ್ಲಿ ತೊಳೆದು ಎಣಿಸುವುದು.

ಮೊದಲ ದಿನ ಎಲ್ಲ ಚೌಕಟ್ಟುಗಳಲ್ಲೂ ಬಳಚು ತುಂಬಿ ಬಂತು. ನನಗೆ ಖುಷಿಯೋ ಖುಷಿ. ಆಮೇಲೆ ನೋಡಿದರೆ ಮಕ್ಕಳು ಕೆಸರಿನ ಮೇಲೆ ಸಣ್ಣ ಜೋಡಿತೂತು ಇರುವ ಕಡೆಯೇ ಚೌಕಟ್ಟು ಇಡುತ್ತಿದ್ದರು. ಬಳಚು ನೀರೆಳೆಯುವ, ನೀರು ಬಿಡುವ ಕೊಳವೆಗಳ ಗುರುತು ಅದು. ಅವರ ಮನೆಯಲ್ಲಿ ಇದನ್ನೇ ಜಾಣತನ ಎನ್ನುವುದು, ಸರಿಯಾಗಿಯೇ. ಇಲ್ಲಿ ಅದೇ ಜಾಣತನ ಲೆಕ್ಕ ಕೆಡಿಸುತ್ತಿತ್ತು. ಕಣ್ಣುಮುಚ್ಚಿ ಎಸೆಯಿರಿ ಎಂದೆ. ಎಸೆಯುವ ಕೈಗೂ ಒಳ್ಳೆ ಜಾಗ ಗೊತ್ತಿತ್ತು. ಕೊನೆಗೆ ಒಬ್ಬ ಮನೆಯಿಂದ ತಂಬೋಲ ಡಬ್ಬಿ ತಂದ. ಬಿಲ್ಲೆ ಎತ್ತು, ಬಂದ ಸಂಖ್ಯೆಯಷ್ಟು ಹೆಜ್ಜೆ ಹಗ್ಗದುದ್ದಕ್ಕೆ ನಡೆ, ಇನ್ನೊಂದು ಬಿಲ್ಲೆ ಎತ್ತು, ಅಷ್ಟು ಹೆಜ್ಜೆ ಪಕ್ಕಕ್ಕೆ. ಒಂದು ಚೌಕಟ್ಟಿಗೆ ಹದಿನಾಲ್ಕು ಬಂದರೆ ಮೂರು ಹೆಜ್ಜೆ ಆಚೆಯದಕ್ಕೆ ಸೊನ್ನೆ. “ಸೊನ್ನೆ ಬರೆಯೋದಾ ಸರ್?” ಎಂದು ಕೇಳಿದ ಹುಡುಗನ ಮುಖದಲ್ಲಿದ್ದ ಬೇಸರ ಇನ್ನೂ ನೆನಪಿದೆ. ಸೊನ್ನೆಯನ್ನು ಬರೆಯುವುದು ಈ ಇಡೀ ವರ್ಷದಲ್ಲಿ ಕಲಿಸಿದ ಅತಿ ಕಷ್ಟದ ವಿಷಯ. ಬರಿಗೈಯಲ್ಲಿ ಮನೆಗೆ ಹೋಗುವುದನ್ನು ಯಾರು ತಾನೇ ಬರೆದಿಡುತ್ತಾರೆ.

ನಡುವೆ, ಜೀವ ಶಾಲೆಗೆ ತರಬಾರದೆಂಬ ನಿಯಮ ಸಡಿಲಿಸಿ ಮಾಡಿದ ಗಾಜಿನ ಡಬ್ಬಿಯ ಪ್ರಯೋಗವೂ ಒಮ್ಮೆ ನೆಲ ಕಚ್ಚಿತು. ಬಳಚು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ ಎಂದು ತೋರಿಸಲು ಎರಡು ಬಿಸ್ಕತ್ ಡಬ್ಬಿಗಳಲ್ಲಿ ಕದಡಿದ ಕೆಸರುನೀರು ತುಂಬಿ, ಒಂದಕ್ಕೆ ಎಂಟು ಬಳಚು ಬಿಟ್ಟೆವು. ಎರಡು ಗಂಟೆಯಲ್ಲಿ ಎರಡೂ ಡಬ್ಬಿ ತಿಳಿಯಾದವು! ಕೆಸರು ತಾನಾಗಿಯೇ ತಳಕ್ಕೆ ಕೂರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಮುಂದಿನ ಸಲ ಗಜನಿಯ ಹಸಿರು ನೀರು ತಂದೆವು. ಅದರ ಹಸಿರು ಬೇಗ ತಳ ಸೇರುವುದಿಲ್ಲ. ಈ ಸಲ ಹಿಂದಿನ ಬೆಂಚಿನ ಒಬ್ಬಳು ಎದ್ದು, ಇನ್ನೊಂದು ಡಬ್ಬಿಗೆ ಎಂಟು ಖಾಲಿ ಚಿಪ್ಪು ಹಾಕೋಣ ಅಂದಳು. ಯಾಕೆ? “ಚಿಪ್ಪು ಇದ್ದದ್ದಕ್ಕೇ ಹಿಂಗಾಯ್ತು ಅಂತ ಯಾರಾದ್ರೂ ಅಂದ್ರೆ?”

ಬೆಳಗಿನ ಪ್ರಾರ್ಥನೆ ಮುಗಿಸಿ ಇಟ್ಟದ್ದು, ಊಟದ ಗಂಟೆ ಹೊತ್ತಿಗೆ ಜೀವಂತ ಬಳಚಿದ್ದ ಡಬ್ಬಿಯ ಹಿಂದೆ ಹಿಡಿದ ಪುಸ್ತಕದ ಅಕ್ಷರ ಓದಲು ಬಂತು. ಖಾಲಿ ಚಿಪ್ಪಿನದು ಹಸಿರಾಗಿಯೇ ಇತ್ತು. ತಳದಲ್ಲಿ ಎಳೆ ಎಳೆಯಾಗಿ ಲೋಳೆ ಬಿದ್ದಿತ್ತು, ಬೇಡದ್ದನ್ನು ಬಳಚು ಉಂಡೆ ಕಟ್ಟಿ ಉಗುಳಿದ್ದು. ಅಳಿವೆಯಿಂದ ಬಳಚು ಖಾಲಿಯಾದರೆ ಹೋಗುವುದು ಸಾರಿನ ಸಾಮಾನು ಮಾತ್ರವೇ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಆ ಎಂಟು ಬಳಚನ್ನು ವಾಪಸು ಬಿಟ್ಟುಬರಲು ಯಾರು ಹೋಗುವುದು ಎಂದು ಜಗಳಕ್ಕೆ ನಿಂತಿದ್ದರು.

ಗೋಡೆಯ ಮೇಲಿನ ಹೆಸರು

ಈಗ ಈ ಪ್ರಕರಣದ ಗಂಟು. ಡಿಸೆಂಬರ್‌ನಲ್ಲಿ, ಬೀಗ ಹಾಕಿದ ಬೀರುವಿನಿಂದ ಸಣ್ಣ ಉದ್ದವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ಹೊರಗೆ ತೆಗೆದು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಬಳಚಿನ ಅಡುಗೆಯಾದ ದಿನ ಮೂವತ್ತು ಖಾಲಿ ಚಿಪ್ಪು ತನ್ನಿ. ಅವನ್ನು ಅಳೆದು, ಪ್ರತಿ ಮನೆಯ ಸರಾಸರಿಯ ಕಂಬ ಬಿಡಿಸಿ ಗೋಡೆಗೆ ಅಂಟಿಸಿದೆವು. ಕಂಬದ ಕೆಳಗೆ ಮಕ್ಕಳ ಹೆಸರು ಬರೆದೆ. ಮೇಲೆ ದೊಡ್ಡಕ್ಷರದಲ್ಲಿ ‘ಸಣ್ಣ ಬಳಚು ಹಿಡಿಯಬೇಡಿ, ಮರಿ ಮಾಡಲು ಬಿಡಿ’ ಎಂದೂ ಬರೆದೆ. ಇದನ್ನು ಸಂರಕ್ಷಣೆಯ ಪಾಠ ಎಂದುಕೊಂಡಿದ್ದೆ.

ಅತಿ ಗಿಡ್ಡ ಕಂಬ ಇದ್ದ ಹುಡುಗಿ ಅಂದು ಮನೆಗೆ ಹೋಗಿ ಊಟ ಬಿಟ್ಟಳಂತೆ. ಮರುದಿನ ಬೆಳಿಗ್ಗೆ ಅವಳ ತಾಯಿ ಶಾಲೆಯ ಜಗುಲಿಯಲ್ಲಿ ನಿಂತಿದ್ದರು. ಕೆಲಸಕ್ಕೆ ಹೊರಟವರು, ಸೊಂಟಕ್ಕೆ ಸೆರಗು ಬಿಗಿದು, ಕೈಯಲ್ಲಿ ಬುಟ್ಟಿ. ಒಳಗೆ ಬನ್ನಿ ಅಮ್ಮ ಎಂದರೂ ಬರಲಿಲ್ಲ.

“ನಮ್ಮ ಹುಡುಗಿ ನಂಗೇ ಬುದ್ಧಿ ಹೇಳ್ತದೆ ಮಾಸ್ತರೇ. ಸಣ್ಣದು ತಂದದ್ದು ಹೌದು. ದೊಡ್ಡದು ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರಾ ನೀವು? ದೊಡ್ಡದು ಪ್ಯಾಟೆಗೆ. ಮನೆಗೆ ಉಳಿಯೂದೇ ಸಣ್ಣದು.”

ನಾನು ಗೋಡೆಯ ಕಡೆ ನೋಡಿದೆ. ಆ ನಕ್ಷೆ ಅಳಿವೆಯ ಬಳಚನ್ನು ತೋರಿಸುತ್ತಿರಲಿಲ್ಲ. ಯಾವ ಮನೆ ಒಳ್ಳೆಯದನ್ನು ಮಾರಿ ಉಳಿದದ್ದನ್ನು ಉಣ್ಣುತ್ತದೆ ಎಂಬುದನ್ನು ತೋರಿಸುತ್ತಿತ್ತು, ಅದೂ ಹೆಸರು ಸಮೇತ. ಮಾದರಿ ಆರಿಸುವುದರಲ್ಲಿ ಪಕ್ಷಪಾತ ಬಂದರೆ ಲೆಕ್ಕ ಹೇಗೆ ಸುಳ್ಳಾಗುತ್ತದೆ ಎಂದು ಎರಡು ತಿಂಗಳ ಹಿಂದೆ ತಂಬೋಲ ಬಿಲ್ಲೆ ಹಿಡಿದು ಪಾಠ ಮಾಡಿದವನು, ಅಡುಗೆಮನೆಯ ಮಾದರಿ ತರಿಸಿ ಅದೇ ಗುಂಡಿಗೆ ಬಿದ್ದಿದ್ದೆ. ಅದಕ್ಕಿಂತ ದೊಡ್ಡದು, ಮಗಳನ್ನು ತಾಯಿಯ ಎದುರು ನಿಲ್ಲಿಸಿದ್ದೆ.

ಹಾಳೆ ಹರಿದೆ. ಕ್ಷಮೆ ಕೇಳಿದೆ. ಆಮೇಲೆ, ತಕ್ಷಣಕ್ಕೆ ಬೇರೇನೂ ತೋಚದೆ, ಮುಂದಿನ ಇಳಿತದ ಶನಿವಾರ ನಮ್ಮ ಜೊತೆ ಬರುತ್ತೀರಾ ಎಂದು ಕೇಳಿದೆ. “ಕೂಲಿ?” ಎಂದರು. ಅರ್ಧ ದಿನದ ಕೂಲಿ ನನ್ನ ಜೇಬಿನಿಂದ ಕೊಡುವುದೆಂದು ಮಾತಾಯಿತು. ಬಂದರು. ಹೀಗೆ ಹಣ ಕೊಟ್ಟದ್ದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ನಗರದಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಗೌರವಧನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಡುತ್ತೇವೆ. ಇವರ ಅರ್ಧ ದಿನ ಯಾಕೆ ಬಿಟ್ಟಿ ಹೋಗಬೇಕು?

ಆ ಬೆಳಿಗ್ಗೆ ಅವರು ಮಾಡಿದ್ದು ಇಷ್ಟು. ಮೊಣಕಾಲು ನೀರಿನಲ್ಲಿ ನಿಂತು, ಪಾದವನ್ನು ಕೆಸರಿನಲ್ಲಿ ಮೆಲ್ಲಗೆ ಆಚೀಚೆ ಆಡಿಸಿದರು, ಹಿಟ್ಟು ನಾದುವ ಹಾಗೆ. ನಿಂತರು. ಬಗ್ಗಿ ಕೈ ಹಾಕಿದರು, ಬಳಚು ಬಂತು. ಮತ್ತೆ ಪಾದ, ಮತ್ತೆ ಬಳಚು. ಒಂದನ್ನು ತೆಗೆದು ನೋಡದೆಯೇ ಹಿಂದಕ್ಕೆ ಎಸೆದರು. ಮಗಳು ಕೇಳಿದಳು, ಯಾಕೆ ಬಿಸಾಡಿದೆ? “ಸಣ್ಣದು. ಬೇಯ್ಸೂಕೆ ಹಾಕಿದ ಸೌದೆಗೂ ಸಾಲೂದಿಲ್ಲ.” ಮಗಳು ನನ್ನ ಕಡೆ ನೋಡಲಿಲ್ಲ, ಪುಣ್ಯಕ್ಕೆ. ಬೆರಳ ತುದಿಯೇ ಅಳತೆಪಟ್ಟಿ. ಅವರು ಎಸೆದ ಇಪ್ಪತ್ತನ್ನು, ಇಟ್ಟುಕೊಂಡ ಇಪ್ಪತ್ತನ್ನು ಮಕ್ಕಳು ಕ್ಯಾಲಿಪರ್ಸ್‌ನಲ್ಲಿ ಅಳೆದರು. ಎರಡು ಗುಂಪು ಒಂದರ ಮೇಲೊಂದು ಬೀಳಲೇ ಇಲ್ಲ, ನಡುವೆ ಗೆರೆ ಎಳೆದ ಹಾಗೆ ಇತ್ತು.

ಬಳಚು ಕಡಿಮೆಯಾದದ್ದು ಯಾಕೆ ಎಂದು ಮಕ್ಕಳು ಕೇಳಿದಾಗ ಅವರು ಒಂದೇ ಉತ್ತರ ಕೊಡಲಿಲ್ಲ. ಒಂದು ವರ್ಷದ ನೆರೆ ದಿಬ್ಬವನ್ನೇ ಒಯ್ದಿತು ಅಂದರು. ಮರಳು ತೆಗೆದರು, ಸತ್ತ ಚಿಪ್ಪನ್ನೂ ತೆಗೆದರು, ದೋಣಿ ತುಂಬ ತುಂಬುವವರು ಸಣ್ಣದು ದೊಡ್ಡದು ನೋಡುವುದಿಲ್ಲ ಅಂದರು. ಮೊದಲು ಅಂಗಳದ ಹಾಗೆ ಹತ್ತಿರವಿದ್ದ ಜಾಗಕ್ಕೆ ಈಗ ನಡೆದು ನಡೆದು ಕಾಲು ಬೀಳುತ್ತದೆ ಅಂದರು.

ಅಷ್ಟಮುಡಿಯ ಮೂರು ತಿಂಗಳು

ಜನವರಿಯಲ್ಲಿ ತರಗತಿಗೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಕಥೆ ಹೇಳಿದೆ. ಅಲ್ಲೂ ಇದೇ ಹಳದಿ ಕಾಲಿನ ಬಳಚು. ಒಮ್ಮೆ ಅಲ್ಲೂ ಕುಸಿದಿತ್ತು. ಮೀನುಗಾರರು, ಸರ್ಕಾರ, ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿ ಕಟ್ಟಳೆ ಮಾಡಿಕೊಂಡರು: ಮೊಟ್ಟೆಯಿಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. 2014ರಲ್ಲಿ ಆ ಮೀನುಗಾರಿಕೆಗೆ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಮೊದಲನೆಯದು.

ಇಲ್ಲೂ ಹಾಗೇ ಮಾಡಬಹುದಲ್ಲ ಎಂದು ಮಕ್ಕಳು ಹೇಳಲಿ ಎಂದು ಕಾದೆ. ಹೇಳಿದರು ಕೂಡ, ಮುಂದಿನ ಎರಡು ಸಾಲಿನವರು. ಹಿಂದಿನಿಂದ ಪ್ರಶ್ನೆ ಬಂತು. ಆ ಮೂರು ತಿಂಗಳು ಅವರು ಏನು ಉಣ್ತಾರೆ ಸರ್? ಅಲ್ಲಿಯ ಬಳಚಿನ ಮಾಂಸ ಹೊರದೇಶಕ್ಕೆ ರಫ್ತಾಗುತ್ತದೆ, ಬೆಲೆ ಇದೆ. ಇಲ್ಲಿ ಬುಟ್ಟಿಯಲ್ಲಿ ಹೊತ್ತು ಮಾರುವುದು. ಅಲ್ಲಿ ಬಲೆ ಇದೆ, ಕಣ್ಣು ಅಳೆಯಬಹುದು. ಇಲ್ಲಿ ಕಾಲು. ಕಾಲಿಗೆ ಯಾವ ಕಣ್ಣಿನ ಅಳತೆ? ಅಂದಿನ ಚರ್ಚೆ ಗಂಟೆ ಹೊಡೆದರೂ ನಿಲ್ಲಲಿಲ್ಲ. ಒಬ್ಬ ಇಡೀ ಅಳಿವೆ ಮುಚ್ಚುವ ಬದಲು ಸರದಿಯಂತೆ ಒಂದೊಂದು ದಿಬ್ಬ ಬಿಡೋಣ ಅಂದ. ಬಿಟ್ಟ ದಿಬ್ಬದಲ್ಲಿ ರಾತ್ರಿ ಯಾರು ಕಾಯೋದು ಎಂದು ಅವನ ಪಕ್ಕದವನೇ ಕೇಳಿದ. ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿ 31ರಂದು ಪ್ರಕಟವಾದದ್ದನ್ನು ಹೇಳಿದೆ. ಅದರಿಂದ ನಮ್ಮ ದಿಬ್ಬಕ್ಕೆ ಏನಾಗ್ತದೆ ಎಂದರು. ಪಟ್ಟಿಗೆ ಸೇರಿದರೆ ಅದರ ಸ್ವಭಾವ ಕೆಡದಂತೆ ನೋಡಿಕೊಳ್ಳುತ್ತೇವೆಂದು ದೇಶ ಮಾತು ಕೊಟ್ಟ ಹಾಗೆ, ಕಾಯುವ ಪೊಲೀಸ್ ಬರುವುದಿಲ್ಲ ಎಂದೆ. ಉತ್ತರ ಅವರಿಗೆ ಸಾಕಾಗಲಿಲ್ಲ.

ಉಳಿದ ಚಟುವಟಿಕೆಗಳನ್ನು ಬೇಗ ಹೇಳಿಬಿಡುತ್ತೇನೆ. ಕಡಲತೀರ ಸ್ವಚ್ಛತೆ ಒಮ್ಮೆ ಮಾಡಿದೆವು, ಬ್ಯಾನರ್ ಸಮೇತ. ಫೋಟೋ ಆಯಿತು, ಲಾಡು ಹಂಚಿದರು. ಕಲಿಕೆ ಆದದ್ದು ಮರುದಿನ, ಮೂಟೆಗಳನ್ನು ಅಂಗಳದಲ್ಲಿ ಸುರಿದು ವಿಂಗಡಿಸಿದಾಗ. ಬಲೆಯ ಚೂರು, ಹಗ್ಗ, ಥರ್ಮೋಕೋಲ್, ಚಪ್ಪಲಿ, ಗುಟ್ಕಾ ಚೀಟಿ. ಯಾವುದು ಊರಿನದು, ಯಾವುದು ಹೊಳೆಯಲ್ಲಿ ತೇಲಿ ಬಂದದ್ದು, ಯಾವುದು ದೋಣಿಯದು ಎಂದು ರಾಶಿ ಮಾಡುವಾಗ ಎದ್ದ ವಾದಕ್ಕೆ ಬ್ಯಾನರ್ ಬೇಕಿರಲಿಲ್ಲ. ಹೊನ್ನಾವರ ಕಡೆಯ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಮರಿ ಬಿಡುವುದನ್ನು ನೋಡಲು ಹೋಗೋಣ ಎಂಬ ಒತ್ತಾಯವಿತ್ತು. ಅದು ಮದುವೆಮನೆಯಂಥ ಸಂಭ್ರಮ, ಪಾಠಕ್ಕೆ ಅಲ್ಲಿ ಜಾಗ ಕಡಿಮೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಹತ್ತಿರದ, ಗೂಡಿಲ್ಲದ ಮರಳಲ್ಲೇ ಮೊಳದುದ್ದ ಗುಂಡಿ ತೋಡಿ ಥರ್ಮಾಮೀಟರ್ ಇಳಿಸಿದೆವು. ಮಧ್ಯಾಹ್ನ ಮೇಲಿನ ಮರಳಿನ ಮೇಲೆ ಕಾಲಿಡಲಾಗದು, ಗೂಡಿನ ಆಳದಲ್ಲಿ ತಂಪು. ಮರಳಿನ ಶಾಖ 29–30 ಡಿಗ್ರಿಯ ಆಸುಪಾಸು ದಾಟಿದಂತೆ ಹೆಣ್ಣುಮರಿ ಹೆಚ್ಚು, ಇಳಿದಂತೆ ಗಂಡು ಹೆಚ್ಚು ಎಂದಾಗ ತರಗತಿಯಲ್ಲಿ ಎದ್ದ ಗದ್ದಲ ಬೇರೆಯೇ ಕಥೆ.

ಎಲ್ಲರಿಗೂ ದಕ್ಕಿತೆಂದು ಹೇಳಲಾರೆ. ಇಬ್ಬರು ಹುಡುಗರು ಇಳಿತದ ಶನಿವಾರಗಳಿಗೆ ಬರಲೇ ಇಲ್ಲ. ಇಳಿತ ಅವರ ಮನೆಗೂ ಕೆಲಸದ ಹೊತ್ತು, ಅಪ್ಪನ ದೋಣಿಗೆ ಕೈ ಬೇಕು. ಘಟ್ಟದ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಹುಡುಗಿಯೊಬ್ಬಳು ಕೊನೆಯವರೆಗೂ ಕೆಸರಿಗೆ ಇಳಿಯಲಿಲ್ಲ, ದಂಡೆಯಲ್ಲಿ ಕೂತು ಲೆಕ್ಕ ಬರೆದಳು. ಅವಳ ಪುಸ್ತಕವೇ ಎಲ್ಲಕ್ಕಿಂತ ಶುದ್ಧವಾಗಿದ್ದದ್ದು, ಎರಡರ್ಥದಲ್ಲೂ.

ಮಾರ್ಚ್‌ನಲ್ಲಿ ಕೊನೆಯ ಘಟಕ ಪರೀಕ್ಷೆ. ಒಂದು ಪ್ರಶ್ನೆ, ನಾಲ್ಕು ಅಂಕಕ್ಕೆ: ‘ನಮ್ಮ ಅಳಿವೆಯಲ್ಲಿ ಬಳಚು ಕಡಿಮೆಯಾಗಲು ಕಾರಣವೇನು?’ ಹೆಚ್ಚಿನವರು ಮಾಲಿನ್ಯ ಎಂದು ಬರೆದರು, ಅದು ಎಲ್ಲ ಪ್ರಶ್ನೆಗೂ ಸಲ್ಲುವ ಉತ್ತರ. ಗೋಡೆಯ ಮೇಲೆ ಗಿಡ್ಡ ಕಂಬ ಕಂಡ ಹುಡುಗಿ ಅವಳ ಅಮ್ಮ ಹೇಳಿದ ಕಾರಣಗಳನ್ನು ಒಂದರ ಕೆಳಗೊಂದು ಬರೆದು, ಕೊನೆಗೆ ಹೀಗೆ ಸೇರಿಸಿದ್ದಳು: “ಇದರಲ್ಲಿ ಯಾವುದು ನಿಜವಾದ ಕಾರಣ ಎಂದು ಈಗ ಹೇಳಲು ಬರುವುದಿಲ್ಲ. ಹೋದ ವರ್ಷ ಯಾರೂ ಎಣಿಸಿಲ್ಲ. ನಾವು ಎಣಿಸಿದ್ದು ಒಂದೇ ವರ್ಷ.”

ನಾಲ್ಕಕ್ಕೆ ನಾಲ್ಕು ಕೊಟ್ಟೆ. ಎಣಿಕೆಯ ಪುಸ್ತಕ ಕ್ಯಾಲಿಪರ್ಸ್ ಜೊತೆ ಬೀರುವಿನಲ್ಲಿದೆ. ಬೀಗ ತೆಗೆಸಿದ್ದೇನೆ. ಹೊಸ ಪಂಚಾಂಗದಲ್ಲಿ ಅಕ್ಟೋಬರ್‌ನಿಂದಾಚೆಯ ಇಳಿತದ ಶನಿವಾರಗಳಿಗೆ ಅವಳೇ ಸುತ್ತು ಹಾಕಿ ಹೋಗಿದ್ದಾಳೆ, ಎರಡು ಕಡೆ ನನ್ನ ಲೆಕ್ಕ ತಿದ್ದಿ.